ತ್ಸುಕುಬಾಕ್ಕೆ ಬಂದಿರಾ? ಮೊದಲು ಬೆಟ್ಟ ಹತ್ತಿ

ಟೋಕಿಯೋ ಬಳಿಯ ಈ ವಿಜ್ಞಾನ ನಗರಿಗೆ ಬರುವ ಕನ್ನಡಿಗರಲ್ಲಿ ಹೆಚ್ಚಿನವರು ಓದಿಗೋ ಸಂಶೋಧನೆಗೋ ಬಂದವರು. ಕಣವೇಗವರ್ಧಕಗಳ ಸಂಶೋಧನೆ ನಡೆಸುವ ಕೆಇಕೆ ಸಂಸ್ಥೆಯ ಫೋಟಾನ್ ಫ್ಯಾಕ್ಟರಿಯಲ್ಲಿ ಭಾರತದ್ದೇ ಒಂದು ಬೀಮ್‌ಲೈನ್ (ಎಕ್ಸ್-ಕಿರಣ ಹಾಯಿಸಿ ವಸ್ತುಗಳನ್ನು ಪರೀಕ್ಷಿಸುವ ಪ್ರಯೋಗ ತಾಣ) ಇದ್ದು, ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರಕ್ಕೂ ಅದಕ್ಕೂ ನಂಟಿದೆ. ಹೀಗೆ ಬಂದವರು ಅಗಲವಾದ ರಸ್ತೆಗಳನ್ನೂ ಪ್ರಯೋಗಾಲಯಗಳ ಗೋಡೆಗಳನ್ನೂ ನೋಡಿ, ಈ ಊರಿನಲ್ಲಿ ಏನೂ ಇಲ್ಲವೆಂದುಕೊಂಡು ಮೊದಲ ಶನಿವಾರವೇ ಟೋಕಿಯೋ ರೈಲು ಹತ್ತುತ್ತಾರೆ. ಟೋಕಿಯೋದ ಅಕಿಹಬಾರಾ ಬರೀ 45 ನಿಮಿಷದ ದಾರಿ, ಅದು ಎಲ್ಲಿಗೂ ಓಡಿಹೋಗುವುದಿಲ್ಲ. ಬಿಸಿಲು ಬಿದ್ದ ಮೊದಲ ರಜಾದಿನವನ್ನು ದಯವಿಟ್ಟು ತ್ಸುಕುಬಾ ಬೆಟ್ಟಕ್ಕೆ ಕೊಡಿ.

ಬೆಟ್ಟದ ಎತ್ತರ 877 ಮೀಟರ್. ನಮ್ಮ ಪಶ್ಚಿಮ ಘಟ್ಟ ಕಂಡ ಕಣ್ಣಿಗೆ ಗುಡ್ಡವೆನಿಸಬಹುದು. ಆದರೆ ಸಮತಟ್ಟಾದ ಕಾಂಟೋ ಬಯಲಿನ ನಡುವೆ ಒಂಟಿಯಾಗಿ ಎದ್ದಿರುವುದರಿಂದ ಊರಿನ ಯಾವ ಮೂಲೆಯಲ್ಲಿ ನಿಂತರೂ ಕಾಣುತ್ತದೆ. ಪಶ್ಚಿಮಕ್ಕೆ ಫ್ಯೂಜಿ, ಪೂರ್ವಕ್ಕೆ ತ್ಸುಕುಬಾ ಎಂದು ಜಪಾನೀಯರು ಜೋಡಿಸಿ ಹೇಳುವುದು ಸುಮ್ಮನೆ ಅಲ್ಲ. ಶಿಖರಗಳು ಎರಡು: ನಾನ್‌ತಾಯ್ ಗಂಡು, ನ್ಯೋತಾಯ್ ಹೆಣ್ಣು. ಎತ್ತರದಲ್ಲಿ ಹೆಣ್ಣು ಶಿಖರವೇ ಆರು ಮೀಟರ್ ಮೇಲು. ಇಜಾನಾಗಿ, ಇಜಾನಾಮಿ ಎಂಬ ದೇವದಂಪತಿಗಳ ನೆಲೆ ಇದು. ನನಗೆ ಇಲ್ಲಿ ನಿಂತಾಗಲೆಲ್ಲ ನಮ್ಮೂರ ಕಡೆಯ ಬೆಟ್ಟದ ದೇವರುಗಳ ನೆನಪಾಗುತ್ತದೆ.

ತ್ಸುಕುಬಾ ನಿಲ್ದಾಣದಿಂದ ಬಸ್ಸು ಹಿಡಿದರೆ ಸುಮಾರು 40 ನಿಮಿಷಕ್ಕೆ ದೇವಾಲಯದ ಬಳಿ ಇಳಿಯುತ್ತೀರಿ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಕೇಬಲ್ ಕಾರ್ ಇದೆ. ಕಾಲು ಗಟ್ಟಿಯಿದ್ದವರು ಶಿರಾಕುಮೊಬಾಶಿ ದಾರಿ ಹಿಡಿಯಿರಿ. ಅಲ್ಲಿ ಎರಡು ಬಂಡೆಗಳ ನಡುವೆ ಇನ್ನೊಂದು ಬಂಡೆ ಸಿಕ್ಕಿಕೊಂಡು ತಲೆಯ ಮೇಲೆಯೇ ತೂಗುತ್ತದೆ. ಅದರಡಿ ದಾಟಲು ಹೆದರಿ ಬೆಂಕೆ ಎಂಬ ಮಹಾವೀರನೂ ಏಳು ಬಾರಿ ಹಿಂದೆ ಸರಿದನಂತೆ. ಫೆಬ್ರವರಿ, ಮಾರ್ಚ್‌ನಲ್ಲಿ ಹೋದರೆ ಬೆಟ್ಟದ ಮಗ್ಗುಲಿನಲ್ಲಿ ಉಮೆ (ಜಪಾನಿನ ಪ್ಲಮ್) ಮರಗಳು ಹೂಬಿಟ್ಟಿರುತ್ತವೆ. ಚಳಿಗಾಲದ ತಿಳಿ ಬೆಳಗಿನಲ್ಲಿ ತುದಿಯಿಂದ ಫ್ಯೂಜಿ ಕಾಣುತ್ತದೆ. ಸಸ್ಯಾಹಾರಿಗಳು ಬುತ್ತಿ ಕಟ್ಟಿಕೊಂಡೇ ಹೋಗಿ. ತರಕಾರಿ ಸೋಬಾ (ಸಾರಿನಲ್ಲಿ ಕೊಡುವ ನೂಡಲ್ಸ್) ಎಂದು ಕೇಳಿ ಪಡೆದರೂ ಸಾರು ಸಾಮಾನ್ಯವಾಗಿ ಮೀನಿನದೇ ಆಗಿರುತ್ತದೆ. ಮರಳುವ ಕೊನೆಯ ಬಸ್ಸಿನ ಹೊತ್ತನ್ನು ಇಳಿದ ತಕ್ಷಣ ನೋಡಿಟ್ಟುಕೊಳ್ಳಿ.

ಎರಡನೆಯ ರಜೆಗೆ ಜಪಾನಿನ ಬಾಹ್ಯಾಕಾಶ ಸಂಸ್ಥೆ ಜಾಕ್ಸಾದ ಕೇಂದ್ರ. ಅಂಗಳದಲ್ಲಿ 50 ಮೀಟರ್ ಉದ್ದದ ಎಚ್-2 ರಾಕೆಟ್ ಮಲಗಿದೆ; ಪ್ರದರ್ಶನ ಮಂದಿರದಲ್ಲಿ, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿರುವ ಜಪಾನಿನ ಕಿಬೊ ಪ್ರಯೋಗಾಲಯದ ಪೂರ್ಣ ಗಾತ್ರದ ಮಾದರಿಯೊಳಗೆ ಹೊಕ್ಕು ನೋಡಬಹುದು. ಅಂತರಿಕ್ಷದಲ್ಲಿರುವ ನಿಜವಾದ ಕಿಬೊವನ್ನು ನಡೆಸುವುದೂ ಇದೇ ಆವರಣದಿಂದ. ಚಂದ್ರನ ದಕ್ಷಿಣ ಧ್ರುವಕ್ಕೆ ಹೋಗಲು ಇಸ್ರೊ ಮತ್ತು ಜಾಕ್ಸಾ ಜೊತೆಯಾಗಿ ಸಿದ್ಧತೆ ನಡೆಸಿರುವಾಗ, ಬೆಂಗಳೂರಿನಿಂದ ಬಂದವರು ಇಲ್ಲಿ ಪೂರಾ ಪರಕೀಯರಲ್ಲ ಎಂದು ನನ್ನ ಮನಸ್ಸು ಹೇಳುತ್ತದೆ. ನಿಲ್ದಾಣದ ಹತ್ತಿರದ ಎಕ್ಸ್‌ಪೋ ಸೆಂಟರ್ 1985ರ ವಿಜ್ಞಾನ ಮೇಳದ ನೆನಪು. ಮಕ್ಕಳಿಗೆ ಅಲ್ಲಿನ ತಾರಾಲಯ ತೋರಿಸಿ.

ಮನೆಯ ನೆನಪು ತೀರಾ ಕಾಡಿದ ಜನವರಿಯ ದಿನಕ್ಕೆ ಸಸ್ಯೋದ್ಯಾನದ ಉಷ್ಣವಲಯದ ಗಾಜಿನ ಮನೆ ಇದೆ. ಬಾಗಿಲು ತೆರೆದರೆ ಕನ್ನಡಕ ಮಂಜಾಗುತ್ತದೆ, ಮೂಗಿಗೆ ಹಸಿ ಮಣ್ಣಿನ ವಾಸನೆ ಬಡಿಯುತ್ತದೆ. ಸೋಮವಾರ ಮಾತ್ರ ಹೋಗಬೇಡಿ, ಮುಚ್ಚಿರುತ್ತದೆ.