ಮನೆಯ ಗ್ಯಾರೇಜಿಗೆ ಕಾರ್ ಲಿಫ್ಟ್: ಚಾವಣಿ ಅಳೆದು, ನೆಲ ಕೊರೆದು ನೋಡಿ ಆರಿಸಿದ್ದು

ಕಾರಿನ ಅಡಿಭಾಗದ ಕೆಲಸವನ್ನು ಬಹಳ ಕಾಲ ಟ್ರಾಲಿ ಜಾಕ್ ಮತ್ತು ಸ್ಟ್ಯಾಂಡ್‌ಗಳ ನೆರವಿನಲ್ಲೇ ಮಾಡಿಕೊಂಡು ಬಂದವನು ನಾನು. ಬ್ರೇಕ್ ಪ್ಯಾಡ್, ಆಯಿಲ್ ಬದಲಾಯಿಸಲು ಅಷ್ಟು ಸಾಕು. ಗೇರ್‌ಬಾಕ್ಸ್ ಇಳಿಸುವುದು, ಸೈಲೆನ್ಸರ್ ಪೈಪಿನ ತುಕ್ಕು ಹಿಡಿದ ಬೋಲ್ಟ್ ಬಿಚ್ಚುವುದು ಮಾತ್ರ ಮಲಗಿಕೊಂಡು ಮಾಡುವ ಕೆಲಸವಲ್ಲ. ಸ್ಪ್ಯಾನರ್ ಎಳೆಯಲು ತೋಳಿಗೆ ಬಲ ಸಿಗುವುದಿಲ್ಲ, ಕಣ್ಣಿಗೆ ತುಕ್ಕು ಉದುರುತ್ತದೆ, ಏನಾದರೂ ಜಾರಿದರೆ ಪಕ್ಕಕ್ಕೆ ಸರಿಯಲು ಜಾಗವಿರುವುದಿಲ್ಲ. ಲಿಫ್ಟ್ ಹಾಕಿಸುತ್ತೇನೆ ಎಂದಾಗ ಎಲ್ಲರೂ ಕೇಳಿದ್ದು ಯಾವ ಕಂಪನಿಯದು, ಎಷ್ಟು ಟನ್ನಿನದು ಎಂದು. ನನ್ನ ಪ್ರಕಾರ ಅವು ಕೊನೆಗೆ ಕೇಳಬೇಕಾದ ಪ್ರಶ್ನೆಗಳು. ಮೊದಲು ಚಾವಣಿ, ಆಮೇಲೆ ನೆಲ, ಆಮೇಲೆ ನೀವು ಮಾಡುವ ಕೆಲಸ. ಇವು ಗೊತ್ತಾದ ಮೇಲೆ ಉಳಿಯುವ ಆಯ್ಕೆಗಳು ತೀರಾ ಕಡಿಮೆ.

ಚಾವಣಿಯ ಲೆಕ್ಕ ಸುಲಭ. ಸಾಮಾನ್ಯ ಕಾರಿನ ಎತ್ತರ 5 ಅಡಿ ಎಂದುಕೊಳ್ಳಿ. ಲಿಫ್ಟಿನ ಪ್ಯಾಡ್, ಅಂದರೆ ಕಾರನ್ನು ಅಡಿಯಿಂದ ಹೊರುವ ರಬ್ಬರ್ ಬಿಲ್ಲೆ, ಹಿಡಿಯುವ ಜಾಗ ನೆಲದಿಂದ ಆಗಲೇ ಅರ್ಧ ಅಡಿಗಿಂತ ಮೇಲಿರುತ್ತದೆ. ಅಂದರೆ ಪ್ಯಾಡಿನಿಂದ ಮೇಲಕ್ಕೆ ಇರುವುದು ಸುಮಾರು ನಾಲ್ಕೂವರೆ ಅಡಿ. ಬಗ್ಗದೆ ನಿಂತು ಕೆಲಸ ಮಾಡಲು ಪ್ಯಾಡ್ 6 ಅಡಿಗೆ ಏರಬೇಕು ಅಂದರೆ ಕಾರಿನ ತಲೆ ಹತ್ತೂವರೆ ಅಡಿಗೆ ಹೋಗುತ್ತದೆ. ಎಸ್‌ಯುವಿ ಆದರೆ ಇನ್ನೊಂದು ಅಡಿ ಸೇರಿಸಿ. ಡಿಕ್ಕಿ ತೆರೆದಿಟ್ಟುಕೊಂಡು ಎತ್ತಬೇಕಾದರೆ ಅದೂ ಲೆಕ್ಕಕ್ಕೆ ಬರಬೇಕು. ತೂಗುವ ದೀಪ, ಶಟರ್ ಸುತ್ತಿಕೊಳ್ಳುವ ಡಬ್ಬ, ತೊಲೆ ಇವೆಲ್ಲ ಚಾವಣಿಯ ಎತ್ತರವನ್ನು ತಿನ್ನುತ್ತವೆ. ಅಳತೆಯನ್ನು ಕಾರು ನಿಲ್ಲುವ ಜಾಗದಲ್ಲೇ, ಅತಿ ತಗ್ಗಿನ ಬಿಂದುವಿನಿಂದ ತೆಗೆದುಕೊಳ್ಳಬೇಕು.

ನನ್ನ ಗ್ಯಾರೇಜಿನಲ್ಲಿ ಸಿಕ್ಕಿದ್ದು ಹನ್ನೊಂದು ಅಡಿಗಿಂತ ಸ್ವಲ್ಪ ಹೆಚ್ಚು. ಕಾರಿನ ಎರಡೂ ಪಕ್ಕದ ಕಂಬಗಳಿಂದ ತೋಳು ಚಾಚಿ ಎತ್ತುವ ಎರಡು ಕಂಬದ ಲಿಫ್ಟಿನಲ್ಲಿ ಎರಡು ಬಗೆ. ಒಂದರಲ್ಲಿ ಕಂಬಗಳ ತಲೆಯನ್ನು ಅಡ್ಡತೊಲೆಯೊಂದು ಜೋಡಿಸುತ್ತದೆ, ಕೇಬಲ್ ಮತ್ತು ಆಯಿಲ್ ಪೈಪ್ ಅದರೊಳಗೆ ಹೋಗುತ್ತವೆ. ನೆಲ ಖಾಲಿ ಉಳಿಯುತ್ತದೆ, ಆದರೆ ಕೇಳುವ ಎತ್ತರ ಸಾಮಾನ್ಯವಾಗಿ 12 ಅಡಿಯ ಆಸುಪಾಸು. ಇನ್ನೊಂದರಲ್ಲಿ ಅವು ನೆಲದ ಮೇಲಿನ ತಗಡಿನ ಅಡಿಯಲ್ಲಿ ಹಾಯುತ್ತವೆ. ಕಂಬಗಳು ಗಿಡ್ಡ, ಮೇಲೆ ತೊಲೆಯಿಲ್ಲ. ನಡುವೆ ಇರುವ ತಗಡಿನ ಉಬ್ಬನ್ನು ಕಾರೂ ಜಾಕೂ ದಾಟಬೇಕಾಗುತ್ತದೆ, ಅಷ್ಟೇ ತೊಂದರೆ. ನನಗೆ ದಕ್ಕಿದ್ದು ಎರಡನೆಯದು.

ನಾಲ್ಕು ಕಂಬದ ಲಿಫ್ಟನ್ನೂ ಬಹಳ ದಿನ ತೂಗಿ ನೋಡಿದ್ದೆ. ಕಾರನ್ನು ಓಡಿಸಿಕೊಂಡು ಹೋಗಿ ಪಟ್ಟಿಗಳ ಮೇಲೆ ನಿಲ್ಲಿಸಿದರಾಯಿತು, ಪ್ಯಾಡ್ ಹೊಂದಿಸುವ ತಲೆನೋವಿಲ್ಲ, ಕೆಳಗೆ ಇನ್ನೊಂದು ಕಾರು ನಿಲ್ಲಿಸಬಹುದು. ಜಾಗ ಉಳಿಸಲು ಲಿಫ್ಟ್ ಬೇಕು ಅನ್ನುವವರು ಕಣ್ಣುಮುಚ್ಚಿ ಅದನ್ನೇ ತೆಗೆದುಕೊಳ್ಳಲಿ. ನನ್ನ ಕೆಲಸದಲ್ಲಿ ಹೆಚ್ಚಿನದು ಬ್ರೇಕು, ಸಸ್ಪೆನ್ಷನ್ನು. ಅದಕ್ಕೆ ಚಕ್ರಗಳು ಗಾಳಿಯಲ್ಲಿ ತೂಗಾಡಬೇಕು. ನಾಲ್ಕು ಕಂಬದ್ದರಲ್ಲಿ ಕಾರು ಚಕ್ರಗಳ ಮೇಲೆಯೇ ನಿಂತಿರುವುದರಿಂದ ಪಟ್ಟಿಗಳ ನಡುವೆ ಜಾರುವ ಪ್ರತ್ಯೇಕ ಜಾಕ್ ಬೇಕಾಗುತ್ತದೆ. ಕತ್ತರಿಯಂತೆ ಮಡಚಿಕೊಳ್ಳುವ ಸಿಸರ್ ಲಿಫ್ಟ್ ತಗ್ಗು ಚಾವಣಿಯವರಿಗೆ ಒಳ್ಳೆಯದು. ಟೈರು, ಬ್ರೇಕಿನ ಕೆಲಸಕ್ಕೆ ಸೊಂಟದೆತ್ತರ ಸಾಕು. ಆದರೆ ಅದರ ಮೈ ಕಾರಿನ ಹೊಟ್ಟೆಯಡಿ ಕೂತಿರುತ್ತದೆ, ಗೇರ್‌ಬಾಕ್ಸ್ ಇಳಿಸಲು ದಾರಿ ಸಿಗುವುದಿಲ್ಲ.

ಈಗ ನೆಲ. ಇಲ್ಲಿ ನಿಧಾನಿಸುವುದು ಒಳ್ಳೆಯದು. ಎರಡು ಕಂಬದ ಲಿಫ್ಟಿನಲ್ಲಿ ಕಾರಿನ ಭಾರ ಕಂಬದ ನೇರಕ್ಕೆ ಬೀಳುವುದಿಲ್ಲ. ಮುಂದಕ್ಕೆ ಚಾಚಿದ ತೋಳುಗಳ ತುದಿಯಲ್ಲಿ ಬೀಳುತ್ತದೆ. ಹಾಗಾಗಿ ಪ್ರತಿ ಕಂಬವೂ ಕಾರಿನ ಕಡೆಗೆ ಬಾಗಲು ನೋಡುತ್ತದೆ, ಕಂಬವನ್ನು ನೆಲಕ್ಕೆ ಹಿಡಿದಿಡುವ ಆಂಕರ್ ಬೋಲ್ಟ್‌ಗಳಲ್ಲಿ ಹೊರಬದಿಯವನ್ನು ನೆಲದಿಂದ ಕಿತ್ತು ತೆಗೆಯುವ ಬಲ ಹುಟ್ಟುತ್ತದೆ. ಅದನ್ನು ತಡೆದು ನಿಲ್ಲಿಸುವುದು ಕಾಂಕ್ರೀಟ್ ಒಂದೇ. ಬಹುತೇಕ ತಯಾರಕರು ಕೇಳುವ ಕನಿಷ್ಠ ದಪ್ಪ 4 ಇಂಚಿನಿಂದ ಮೇಲಕ್ಕೆ, ಗಟ್ಟಿತನ 3000 ಪಿಎಸ್‌ಐ (ಚದರ ಇಂಚಿಗೆ ಪೌಂಡ್), ಅಂದರೆ ಸುಮಾರು 20 ಮೆಗಾಪ್ಯಾಸ್ಕಲ್. ನಿಮ್ಮ ಲಿಫ್ಟಿನ ಕೈಪಿಡಿಯಲ್ಲಿ ಹೆಚ್ಚು ಬರೆದಿದ್ದರೆ ಅದೇ ಅಂತಿಮ.

ನೆಲದ ಮೇಲ್ಮೈ ನೋಡಿ ದಪ್ಪ ಹೇಳಲು ಯಾರಿಂದಲೂ ಆಗದು. ಕಂಬ ನಿಲ್ಲುವ ಎರಡೂ ಜಾಗದಲ್ಲಿ ಸಣ್ಣ ಡ್ರಿಲ್ ಬಿಟ್ ಹಾಕಿ ಕೊರೆದು, ಕೊಕ್ಕೆ ತಂತಿ ಇಳಿಸಿ ಅಳೆದೆ. ಸಿಕ್ಕಿದ್ದು 3 ಇಂಚಿನಷ್ಟು ಪದರ, ಅದರ ಕೆಳಗೆ ಮಣ್ಣು. ಇಂಥ ನೆಲಕ್ಕೆ ಉದ್ದನೆಯ ಬೋಲ್ಟ್ ಹಾಕಿದರೂ ಪ್ರಯೋಜನವಿಲ್ಲ. ಎರಡು ಕಡೆ ಚೌಕ ಕತ್ತರಿಸಿ ಅಗೆದು, ತಯಾರಕರ ನಕ್ಷೆಯ ಅಳತೆಗೆ ಕಬ್ಬಿಣದ ಜಾಲಿ ಕಟ್ಟಿ ಹೊಸ ಕಾಂಕ್ರೀಟ್ ತುಂಬಿಸಿದೆ. ಕಾಂಕ್ರೀಟ್ ತನ್ನ ನಿಗದಿತ ಬಲಕ್ಕೆ ಬರಲು 28 ದಿನ ಎಂಬ ಲೆಕ್ಕವಿದೆ. ಲಿಫ್ಟ್ ಬಂದು ಮೂಲೆಯಲ್ಲಿ ಕೂತಿದ್ದರೂ ಅಷ್ಟು ದಿನ ನೀರುಣಿಸುತ್ತಾ ಕಾದೆ. ಬಿರುಕು ಮತ್ತು ಜೋಡಣೆಯ ಗೆರೆಗಳಿಂದ ಬೋಲ್ಟ್ ದೂರವಿರಬೇಕು. ನೆಲದೊಳಗೆ ಬಿಗಿದೆಳೆದ ಉಕ್ಕಿನ ಕೇಬಲ್ ಇರುವ ಕಟ್ಟಡಗಳೂ ಇವೆ. ಅಂಥಲ್ಲಿ ಕಟ್ಟಡದ ಎಂಜಿನಿಯರ್ ಒಪ್ಪದೆ ಡ್ರಿಲ್ ಮುಟ್ಟಲೇಬಾರದು.

ಲಿಫ್ಟ್ ಆರಿಸುವಾಗ ನಾನು ಪಟ್ಟು ಹಿಡಿದದ್ದು ಪ್ರಮಾಣಪತ್ರಕ್ಕೆ. ಅಮೆರಿಕದ ಎಎಲ್‌ಐ (ಆಟೊಮೋಟಿವ್ ಲಿಫ್ಟ್ ಇನ್‌ಸ್ಟಿಟ್ಯೂಟ್) ಗುರುತಾಗಲಿ, ಯುರೋಪಿನ ಇಎನ್ 1493 ಮಾನದಂಡವಾಗಲಿ, ಯಾವುದಾದರೊಂದರ ಪ್ರಕಾರ ಪರೀಕ್ಷೆಯಾದ ದಾಖಲೆ ಇರಬೇಕು. ನಾನು ತೆಗೆದುಕೊಂಡದ್ದು 4 ಟನ್ನಿನದು. ಒಂದೂವರೆ ಟನ್ನಿನ ಕಾರಿಗೆ ಇಷ್ಟೇಕೆ ಎಂದು ಕೇಳಿದವರಿದ್ದಾರೆ. ನಾಲ್ಕು ಟನ್ ಎಂದರೆ ಒಂದೊಂದು ತೋಳಿಗೆ ಒಂದೊಂದು ಟನ್. ಕಾರಿನ ಭಾರ ನಾಲ್ಕೂ ತೋಳಿಗೆ ಸಮನಾಗಿ ಹಂಚಿಹೋಗುವುದಿಲ್ಲ.

ಕೂರಿಸುವ ದಿನ ಹೆಚ್ಚು ಹೊತ್ತು ಹಿಡಿದದ್ದು ಕಂಬವನ್ನು ಲಂಬಕ್ಕೆ ತರುವುದು. ಬುಡದಡಿ ಉಕ್ಕಿನ ಶಿಮ್, ಅಂದರೆ ತೆಳು ತಗಡಿನ ತುಂಡು, ಕೊಟ್ಟು, ಎರಡೂ ದಿಕ್ಕಿನಿಂದ ಮಟ್ಟಗೋಲು ಹಿಡಿದು ನೋಡಿದೆವು. ಮುಕ್ಕಾಲು ಇಂಚಿನ ಆಂಕರ್‌ಗೆ ಕೊರೆದ ತೂತಿನೊಳಗಿನ ಪುಡಿಯನ್ನು ಪೂರ್ತಿ ಊದಿ ತೆಗೆಯಬೇಕು. ಪುಡಿ ಉಳಿದರೆ ಬೋಲ್ಟಿನ ಹಿಡಿತ ಕುಗ್ಗುತ್ತದೆ. ಮೋಟಾರಿಗೆ ಬೇರೆ ಯಾವುದಕ್ಕೂ ಹಂಚದ ಪ್ರತ್ಯೇಕ ಲೈನು ಎಳೆಸಿದೆ. ಕೊನೆಗೆ ಎರಡೂ ಕಡೆಯ ಕೇಬಲ್ ಬಿಗಿ ಹೊಂದಿಸುವುದು. ಖಾಲಿ ಲಿಫ್ಟ್ ಏರಿಸುವಾಗ ಎರಡೂ ಕಂಬಗಳಲ್ಲಿ ಹಂತ ಹಂತಕ್ಕೆ ಕಚ್ಚಿಕೊಳ್ಳುವ ಲಾಕ್‌ಗಳ ಟಕ್ ಸದ್ದು ಒಟ್ಟಿಗೇ ಕೇಳಬೇಕು. ಒಂದರ ಹಿಂದೆ ಒಂದು ಬಂದರೆ ಒಂದು ಬದಿ ತಗ್ಗಿದೆ ಎಂದರ್ಥ.

ಕಾರು ಎತ್ತುವ ವಿಷಯಕ್ಕೆ ಬಂದರೆ, ನನ್ನ ಗಮನವೆಲ್ಲ ಮೊದಲ ನಾಲ್ಕೈದು ಇಂಚಿನ ಮೇಲೆ. ಆಯಾ ಕಾರಿನ ಕೈಪಿಡಿಯಲ್ಲಿ ಎತ್ತುವ ಜಾಗಗಳ ಚಿತ್ರವಿರುತ್ತದೆ. ಅದನ್ನು ಬಿಟ್ಟು ಗಟ್ಟಿಯಾಗಿ ಕಂಡಲ್ಲಿ ಪ್ಯಾಡ್ ಇಡಬಾರದು. ಬಾಗಿಲ ಕೆಳಗಿನ ಅಂಚು ತುಕ್ಕು ತಿಂದಿದ್ದರೆ ಚಿತ್ರದಲ್ಲಿರುವ ಜಾಗವೂ ಕುಸಿಯಬಹುದು, ಕೈಯಿಂದ ತಟ್ಟಿ ನೋಡುತ್ತೇನೆ. ಎಲೆಕ್ಟ್ರಿಕ್ ಕಾರಿನ ಹೊಟ್ಟೆಯಡಿ ಬ್ಯಾಟರಿ ಹರಡಿಕೊಂಡಿರುತ್ತದೆ, ಅಲ್ಲಿ ಪ್ಯಾಡ್ ಅರ್ಧ ಅಂಗುಲವೂ ಒತ್ತಬಾರದು. ಎಂಜಿನ್ ಮುಂದಿದ್ದು ಮುಂಚಕ್ರಗಳೇ ಎಳೆಯುವ ಕಾರುಗಳಲ್ಲಿ ತೂಕದ ಸುಮಾರು ಶೇ 60 ಮುಂದಿನ ಚಕ್ರಗಳ ಮೇಲಿರುತ್ತದೆ. ಇಡೀ ಕಾರಿನ ಭಾರದ ನಡುಬಿಂದು ಮುಂದಿನ ಮತ್ತು ಹಿಂದಿನ ಪ್ಯಾಡ್‌ಗಳ ಮಧ್ಯೆ ಬರುವಂತೆ ಕಾರು ನಿಲ್ಲಿಸಬೇಕು.

ಟೈರು ನೆಲ ಬಿಟ್ಟ ಕೂಡಲೇ ನಿಲ್ಲಿಸುತ್ತೇನೆ. ನಾಲ್ಕೂ ಪ್ಯಾಡ್ ಕೂತಿವೆಯೇ, ತೋಳುಗಳ ಹಲ್ಲು ಲಾಕ್ ಆಗಿದೆಯೇ ನೋಡಿ, ಬಂಪರ್ ಹಿಡಿದು ಮುಂದಿನಿಂದಲೂ ಹಿಂದಿನಿಂದಲೂ ಅಲುಗಾಡಿಸುತ್ತೇನೆ. ಬೀಳುವುದಾದರೆ ಆ ಎತ್ತರದಿಂದಲೇ ಬೀಳಲಿ. ಒಂದು ಚೂರು ಅನುಮಾನ ಬಂದರೂ ಇಳಿಸಿ ಮತ್ತೆ ಹೊಂದಿಸುತ್ತೇನೆ.

ಬೇಕಾದ ಎತ್ತರ ಮುಟ್ಟಿದ ಮೇಲೆ ಇಳಿಸುವ ಲಿವರ್ ಒತ್ತಿ ಕಾರನ್ನು ಲಾಕ್‌ಗಳ ಮೇಲೆ ಕೂರಿಸುವವರೆಗೆ ನಾನು ಅದರಡಿ ಕಾಲಿಡುವುದಿಲ್ಲ. ಹೈಡ್ರಾಲಿಕ್ ಆಯಿಲ್ ಇರುವುದು ಎತ್ತಲಿಕ್ಕೆ. ಹೊತ್ತು ನಿಲ್ಲುವುದು ಉಕ್ಕಿನ ಲಾಕ್. ಒಂದು ಸೀಲ್ ಸೋರಿದರೆ ಆಯಿಲಿನ ಒತ್ತಡ ಇಳಿಯುತ್ತದೆ, ಉಕ್ಕು ಜಾಗ ಬಿಡುವುದಿಲ್ಲ. ಇಳಿಸುವಾಗ ಮೊದಲು ಒಂದೆರಡು ಇಂಚು ಮೇಲೆತ್ತಿ ಲಾಕ್ ಬಿಡಿಸಬೇಕು. ಆದ್ದರಿಂದ ಕರೆಂಟ್ ಹೋದರೆ ಕಾರು ಇದ್ದಲ್ಲೇ ಇರುತ್ತದೆ, ಅದು ಒಳ್ಳೆಯದೇ.

ಗೇರ್‌ಬಾಕ್ಸಿನಂಥ ಭಾರದ ಭಾಗ ಕಳಚಿದಾಗ ತೂಕದ ನಡುಬಿಂದು ಸರಿಯುತ್ತದೆ. ಮುಂದಿನ ಭಾರ ಹೋದರೆ ಹಿಂಭಾಗ ತೂಗುತ್ತದೆ. ಅದಕ್ಕೇ ಬೋಲ್ಟ್ ಸಡಿಲಿಸುವ ಮೊದಲೇ ಆಳೆತ್ತರದ ಸ್ಟ್ಯಾಂಡ್‌ಗಳನ್ನು ಎರಡೂ ತುದಿಗೆ ಕೊಡುತ್ತೇನೆ. ಇನ್ನೊಂದು ಸೂಕ್ಷ್ಮ ಸಸ್ಪೆನ್ಷನ್ನಿನದು. ಚಕ್ರವನ್ನು ಹಿಡಿದಿರುವ ಸಸ್ಪೆನ್ಷನ್ ತೋಳಿನ ಕೀಲಿನಲ್ಲಿರುವ ರಬ್ಬರ್ ಬುಷ್ ಬೋಲ್ಟನ್ನು ಚಕ್ರ ತೂಗಾಡುತ್ತಿರುವಾಗ ಪೂರ್ತಿ ಬಿಗಿದರೆ, ಕಾರು ನೆಲಕ್ಕಿಳಿದಾಗ ರಬ್ಬರ್ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ. ಆ ಬದಿಯ ತೋಳನ್ನು ಎತ್ತರದ ಜಾಕಿನಿಂದ ಕಾರು ನಿಲ್ಲುವ ಮಟ್ಟಕ್ಕೆ ಎತ್ತಿಯೇ ಕೊನೆಯ ಟಾರ್ಕ್, ಅಂದರೆ ಪೂರ್ತಿ ಬಿಗಿ, ಕೊಡುತ್ತೇನೆ. ಈ ಒಂದು ಕೆಲಸದಲ್ಲಿ ಮಾತ್ರ ನಾಲ್ಕು ಕಂಬದ್ದೇ ಮೇಲು, ಅಲ್ಲಿ ಭಾರ ಯಾವಾಗಲೂ ಚಕ್ರದ ಮೇಲಿರುತ್ತದೆ.

ಆಂಕರ್ ನಟ್‌ಗಳನ್ನು ಕೈಪಿಡಿ ಹೇಳಿದ ಅವಧಿಗೊಮ್ಮೆ ಟಾರ್ಕ್ ರೆಂಚ್ ಹಾಕಿ ನೋಡುತ್ತೇನೆ. ಹಾಗೆ ನೋಡುವಾಗ ನಟ್ ಮತ್ತೆ ಮತ್ತೆ ತಿರುಗುತ್ತಿದ್ದರೆ ಬೋಲ್ಟ್ ಮೇಲಕ್ಕೆ ಬರುತ್ತಿದೆ ಎಂದೇ ತಿಳಿದು ಲಿಫ್ಟ್ ಬಳಸುವುದನ್ನು ಅಲ್ಲಿಗೇ ನಿಲ್ಲಿಸಬೇಕು. ಕೇಬಲ್ಲಿನ ಎಳೆ ಒಂದಾದರೂ ಕಡಿದಿದ್ದರೆ ಬದಲಾಯಿಸಬೇಕು. ಪ್ಯಾಡಿನ ರಬ್ಬರ್ ಮೇಲೆ ಗ್ರೀಸ್ ಬಿದ್ದರೆ ಆಗಲೇ ಒರೆಸಬೇಕು. ಮನೆಯಲ್ಲಿ ಮಕ್ಕಳಿರುವುದರಿಂದ ಮೋಟಾರಿನ ಮೇನ್ ಸ್ವಿಚ್ಚಿಗೆ ಬೀಗ ಹಾಕಿ, ಕೀಲಿಯನ್ನು ನನ್ನ ಬಳಿಯೇ ಇಟ್ಟುಕೊಂಡಿದ್ದೇನೆ.