ಸರಾಸರಿ 160, ಮುಂಬ್ರಾದಲ್ಲಿ 61

ಲೋಕಲ್ ಮುಂಬ್ರಾ ದಾಟುವಷ್ಟರಲ್ಲಿ ಕೈ ನಡುಗಲು ಶುರುವಾಯಿತು. ಲೇಡೀಸ್ ಡಬ್ಬದಲ್ಲಿ ಪರ್ಸಿನ ಜಿಪ್ ಎಳೆಯಲೂ ಜಾಗವಿಲ್ಲ. ನನ್ನ ಮುಖ ನೋಡಿ ಒಬ್ಬ ಮಾವಶಿ ಸೀಟು ಬಿಟ್ಟುಕೊಟ್ಟರು. ಬೆರಳು ಚುಚ್ಚಿ ನೋಡಿದರೆ ರಕ್ತದ ಸಕ್ಕರೆ 61, ತೀರಾ ಕಡಿಮೆ. ಗ್ಲುಕೋಸ್ ಪುಡಿ ಬಾಯಿಗೆ ಹಾಕಿಕೊಂಡೆ. ಅದೇ ವಾರ ಬಂದ ರಿಪೋರ್ಟಿನಲ್ಲಿ, ಎರಡು ಮೂರು ತಿಂಗಳ ಸಕ್ಕರೆಯ ಅಂದಾಜು ಕೊಡುವ ಎಚ್‌ಬಿಎ1ಸಿ 7.2, ಪರವಾಗಿಲ್ಲ ಅನ್ನುವಂಥದ್ದೇ.

ನನಗೆ ಟೈಪ್ ಒನ್ ಡಯಾಬಿಟಿಸ್ ಬಂದು 11 ವರ್ಷ. ಮನೆ ಡೊಂಬಿವಲಿ, ಕೆಲಸ ದಾದರ್‌ನಲ್ಲಿ, ಅದೂ ಅಕೌಂಟ್ಸ್. ಲೆಕ್ಕದವಳಿಗೆ ಇದು ಮೊದಲೇ ಹೊಳೆಯಬೇಕಿತ್ತು. 7.2 ಅಂದರೆ ಎರಡು ಮೂರು ತಿಂಗಳ ಸರಾಸರಿ ಸುಮಾರು 160. ದಿನವಿಡೀ 160 ಇದ್ದರೂ ಸರಾಸರಿ ಅಷ್ಟೇ. ಬೆಳಗ್ಗೆ 40, ಮಧ್ಯಾಹ್ನ 280 ಇದ್ದರೂ ಅಷ್ಟೇ!

ಹಾಗಾಗಿ ತೋಳಿಗೆ ಸಕ್ಕರೆ ಅಳೆಯುವ 14 ದಿನದ ಸೆನ್ಸರ್ ಹಾಕಿಸಿಕೊಂಡೆ. 15 ನಿಮಿಷಕ್ಕೊಂದು ಅಂಕಿ, ದಿನಕ್ಕೆ 96. ಇದು ರಕ್ತವನ್ನು ನೋಡುವುದಿಲ್ಲ, ಚರ್ಮದ ಕೆಳಗಿನ ದ್ರವವನ್ನು ನೋಡುತ್ತದೆ. ಸಕ್ಕರೆ ಸರ್ರನೆ ಇಳಿಯುವಾಗ ಐದು ಹತ್ತು ನಿಮಿಷ ಹಿಂದೆ ಬೀಳುತ್ತದೆ. ಸೆನ್ಸರ್ 78 ಎಂದಾಗ ಬೆರಳು 64 ಎಂದದ್ದಿದೆ. ಮೈ ಒಂದು ಹೇಳಿ ಸೆನ್ಸರ್ ಇನ್ನೊಂದು ಹೇಳಿದರೆ ನಾನು ಬೆರಳು ಚುಚ್ಚುತ್ತೇನೆ. ಆ ತೋಳಿನ ಮೇಲೇ ಮಲಗಿದರೆ ಸಕ್ಕರೆ ಇಳಿದಿದೆ ಅಂತ ಸುಳ್ಳು ತೋರಿಸುತ್ತದೆ. ರಾತ್ರಿ 58 ಎಂದು ಗಾಬರಿಯಾಗಿ ಎದ್ದು ನೋಡಿದರೆ 104. ಅಂಥ ಅಂಕಿಗಳನ್ನು ಲೆಕ್ಕದಿಂದ ತೆಗೆದೆ.

ಎಲ್ಲವನ್ನೂ ಎಕ್ಸೆಲ್‌ಗೆ ಇಳಿಸಿದೆ. ಸರಾಸರಿ 160, ಸ್ಟ್ಯಾಂಡರ್ಡ್ ಡೀವಿಯೇಶನ್ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ) 72. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಸಿವಿ, ಅಂದರೆ ಏರಿಳಿತದ ಶೇಕಡಾ ಲೆಕ್ಕ: 45. ಏರಿಳಿತ ಹಿಡಿತದಲ್ಲಿದೆ ಅನ್ನಬೇಕಾದರೆ ಇದು 36 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಇನ್ನೊಂದು ಲೆಕ್ಕ, 70ರಿಂದ 180ರ ನಡುವೆ ಎಷ್ಟು ಹೊತ್ತು ಇದ್ದೇವೆ ಅನ್ನುವುದು. ಶೇ. 70ಕ್ಕಿಂತ ಜಾಸ್ತಿ ಇರಬೇಕು, 70ರ ಕೆಳಗಿನ ಹೊತ್ತು ಶೇ. 4 ದಾಟಬಾರದು. ನನ್ನದು 70ರಿಂದ 180ರ ನಡುವೆ ಶೇ. 54, 70ರ ಕೆಳಗೆ ಶೇ. 9.

ಸಿವಿ ಕೆಟ್ಟಿದೆ ಅಂತ ಗೊತ್ತಾದರೆ ಸಾಲದು, ಯಾವಾಗ ಕೆಡುತ್ತದೆ ಅಂತ ಗೊತ್ತಾಗಬೇಕಲ್ವಾ? ಗಂಟೆಗೊಂದು ಕಾಲಂ ಮಾಡಿ, ಪ್ರತಿ ಗಂಟೆಯ ಡೀವಿಯೇಶನ್ ಬೇರೆ ಬೇರೆ ತೆಗೆದೆ. ರಾತ್ರಿ ಶಾಂತ. ಬೆಳಗ್ಗೆ 8ರಿಂದ 10, ಬೆಟ್ಟ. ಡೈರಿಯಲ್ಲಿ ಬರೆದಿಟ್ಟದ್ದನ್ನು ಪಕ್ಕದಲ್ಲಿಟ್ಟು ನೋಡಿದಾಗ ಕಾರಣ ಸಿಕ್ಕಿತು: ರಿಕ್ಷಾ! ಶೇರ್ ರಿಕ್ಷಾ ಸಿಕ್ಕ ದಿನ ಆರಾಮಾಗಿ ಕೂತು ಸ್ಟೇಷನ್‌ಗೆ ಹೋಗುತ್ತಿದ್ದೆ, ಉಪ್ಪಿಟ್ಟು 260 ಮುಟ್ಟಿಸುತ್ತಿತ್ತು. ಸಿಗದ ದಿನ 25 ನಿಮಿಷ ಬಿರುಸು ನಡಿಗೆ, ಮೇಲೆ ಬ್ರಿಜ್ ಹತ್ತಿ ಇಳಿಯುವುದು. ಆಗ ಅದೇ ಉಪ್ಪಿಟ್ಟು, ಅಷ್ಟೇ ಇನ್ಸುಲಿನ್, 60ರ ಆಸುಪಾಸು. ಎರಡೂ ಸೇರಿ ಸರಾಸರಿ ಚಂದ.

ಹಾಳೆ ನೋಡಿ ಡಾಕ್ಟರು ಎರಡು ಬದಲಾವಣೆ ಹೇಳಿದರು. ಇನ್ಸುಲಿನ್ ತೆಗೆದುಕೊಳ್ಳುವುದು ತಿಂಡಿ ತಿನ್ನುವಾಗಲ್ಲ, 15 ನಿಮಿಷ ಮೊದಲು. ನಡೆಯುವ ದಿನ ಡೋಸ್ ಕಡಿಮೆ. (ಎಷ್ಟು ಕಡಿಮೆ ಅಂತ ಬರೆಯುವುದಿಲ್ಲ, ಅದು ಒಬ್ಬೊಬ್ಬರಿಗೆ ಒಂದೊಂದು.) ಈಗ ರಿಕ್ಷಾದ ನಂಬಿಕೆಯನ್ನೇ ಬಿಟ್ಟು ದಿನಾ ನಡೆಯುತ್ತೇನೆ.

ಮೂರು ತಿಂಗಳಾದ ಮೇಲೆ ಮತ್ತೊಂದು ಸೆನ್ಸರ್. ಸರಾಸರಿ 157, ಡೀವಿಯೇಶನ್ 55, ಸಿವಿ 35. ಧಾರವಾಡದಿಂದ ಅವ್ವನ ಫೋನ್ ಬಂತು. ಎಚ್‌ಬಿಎ1ಸಿ 7.1 ಎಂದೆ. "ಅಷ್ಟs ಏನವ್ವಾ? ಒಂದು ಪಾಯಿಂಟೂ ಸರಿಯಾಗಿ ಇಳಿದಿಲ್ಲಲಾ" ಅಂದಳು. ಸಿವಿ ಬಗ್ಗೆ ಹೇಳಲು ಹೋಗಿ ಸುಮ್ನಾದೆ.

ಸೆನ್ಸರ್ ದುಬಾರಿ, ಸದಾ ಹಾಕಿಕೊಳ್ಳಲು ನನಗೆ ಆಗದು. ಮುಂದಿನದನ್ನು ಗಣಪತಿ ಹಬ್ಬಕ್ಕೆ ಎತ್ತಿಟ್ಟಿದ್ದೇನೆ. ಪಕ್ಕದ ಮನೆಯ ಉಕಡೀಚೆ (ಹಬೆಯಲ್ಲಿ ಬೇಯಿಸಿದ) ಮೋದಕದ ಲೆಕ್ಕ ಇನ್ನೂ ಬಾಕಿಯಿದೆ.