ಎಂಟರ ಸ್ಪ್ರಿಂಗ್ ತೆಗೆದು ಐದರದ್ದು ಹಾಕಿದ ಕಥೆ

ನನ್ನ ಸ್ವಿಫ್ಟ್‌ಗೆ ಹಾಕಿಸಿದ ಕಾಯಿಲ್‌ಓವರ್ (ಶಾಕ್ ಅಬ್ಸಾರ್ಬರಿನ ಸುತ್ತಲೇ ಸ್ಪ್ರಿಂಗ್ ಕೂರುವ ಸಸ್ಪೆನ್ಷನ್) ಸೆಕೆಂಡ್ ಹ್ಯಾಂಡ್ ಮಾಲು. ಅದರ ಮೊದಲ ಒಡೆಯ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಕಾರು ಓಡಿಸುತ್ತಿದ್ದವನು. ಟ್ರ್ಯಾಕಿಗೆ ಅವನ ಆಯ್ಕೆ ಸರಿಯೇ. ಅದನ್ನು ಬೆಂಗಳೂರಿನ ಹಂಪುಗಳ ಮೇಲೆ ಹತ್ತಿಸಿದ್ದು ನನ್ನ ತಪ್ಪು.

ಮುಂಭಾಗದ ಸ್ಪ್ರಿಂಗ್ ಎಂಟರದ್ದು. ಎಂದರೆ ಒಂದು ಮಿ.ಮೀ. ಕುಗ್ಗಲು 8 ಕೆ.ಜಿ. ಭಾರ ಬೇಕು. ಬೆನ್ನಿನ ಪಾಡು ಹಾಗಿರಲಿ, ಹಂಪಿನಿಂದ ಇಳಿಯುವಾಗಲೆಲ್ಲ ಮುಂದಿನಿಂದ ‘ಟಣ್’ ಎಂಬ ಸದ್ದು. ಮೇಲಿನ ಬೇರಿಂಗ್ ಹೋಗಿದೆ ಎಂದುಕೊಂಡು ಬದಲಾಯಿಸಿದೆ. ದುಡ್ಡು ಹೋಯಿತು, ಸದ್ದು ಉಳಿಯಿತು.

ಐದರದ್ದು ಹಾಕಿದರಾಯಿತು ಎಂದು ಹಳೆಯದರಷ್ಟೇ ಉದ್ದದ, 150 ಮಿ.ಮೀ. ಸ್ಪ್ರಿಂಗ್ ತರಿಸಿದೆ. ಒಳವ್ಯಾಸವನ್ನು ಮಾತ್ರ ವರ್ನಿಯರ್ ಹಿಡಿದು ನೋಡಿದ್ದೆ: 60. (ಎರಡೂವರೆ ಇಂಚಿನದು ಎಂದರೆ 63.5 ಮಿ.ಮೀ.; ಸ್ಪ್ರಿಂಗ್ ಕೂರುವ 60ರ ತಟ್ಟೆಯ ಮೇಲೆ ಅದು ಅಲ್ಲಾಡುತ್ತದೆ.) ಹಾಕಿ ಹೊರಟರೆ ಮೊದಲ ಹಂಪಿನಲ್ಲೇ ಕಬ್ಬಿಣಕ್ಕೆ ಕಬ್ಬಿಣ ಬಡಿದ ಪೆಟ್ಟು, ಸ್ಟೀರಿಂಗ್ ತನಕ. ಬಿಚ್ಚಿ ನೋಡಿದೆ. ಸುರುಳಿಯ ಉದ್ದಕ್ಕೂ ಹೊಸ ಬಣ್ಣ ಗೆರೆಯಾಗಿ ಎದ್ದು, ಉಕ್ಕು ಫಳಫಳ ಹೊಳೆಯುತ್ತಿತ್ತು. ಸುತ್ತುಗಳೆಲ್ಲ ಒಂದಕ್ಕೊಂದು ಕಚ್ಚಿಕೊಂಡಿದ್ದವು.

ಮೊದಲೇ ಮಾಡಬೇಕಿದ್ದ ಲೆಕ್ಕ ಆಮೇಲೆ ಮಾಡಿದೆ. ಲಾರಿಗಳ ವೇ ಬ್ರಿಡ್ಜ್‌ಗೆ ಹೋಗಿ ಮುಂದಿನ ಎರಡು ಚಕ್ರಗಳನ್ನಷ್ಟೇ ಹತ್ತಿಸಿ ಕಾರಿನಲ್ಲೇ ಕುಳಿತೆ. ‘ಲೋಡ್ ಎಲ್ಲಿ ಸಾರ್?’ ಎಂದ ಅಲ್ಲಿನ ಹುಡುಗ. ನಾನೇ ಎಂದೆ. 640 ಕೆ.ಜಿ. ಬಂತು. ಒಂದು ಬದಿಗೆ 320; ಚಕ್ರ, ಬ್ರೇಕ್, ಹಬ್ ಇವುಗಳ ಭಾರ ಸ್ಪ್ರಿಂಗಿನ ಮೇಲೆ ಬೀಳುವುದಿಲ್ಲವಾದ್ದರಿಂದ 35 ಕಳೆದರೆ 285.

ಎಂಟರ ಸ್ಪ್ರಿಂಗ್ ಈ ಭಾರಕ್ಕೆ ಸುಮಾರು 36 ಮಿ.ಮೀ. ಕುಗ್ಗುತ್ತದೆ, ಐದರದ್ದು 57. ಹೊಸದರ ತಂತಿಯ ದಪ್ಪ 10 ಮಿ.ಮೀ., ಸುತ್ತು ಹತ್ತಿರ ಹತ್ತಿರ ಎಂಟು. ಪೂರ್ತಿ ಒತ್ತಿದರೂ 79 ಮಿ.ಮೀ.ಗಿಂತ ಚಿಕ್ಕದಾಗದು. 150ರಲ್ಲಿ 79 ಕಳೆದರೆ ಕುಗ್ಗಲು ಇರುವ ಜಾಗ 71. ಕಾರು ಸುಮ್ಮನೆ ನಿಂತಾಗಲೇ 57 ಖರ್ಚು! ಉಳಿದ 14ರಲ್ಲಿ ಯಾವ ಹಂಪು ದಾಟಲಿ? ಡ್ಯಾಂಪರಿಗೋ (ಅದೇ ಶಾಕ್ ಅಬ್ಸಾರ್ಬರ್) ಇನ್ನೂ 40 ಮಿ.ಮೀ. ಒಳಗೆ ಹೋಗುವ ಅವಕಾಶವಿತ್ತು.

ಹಾಗಾದರೆ ಉದ್ದದ್ದು ಬೇಕು. ಗೆಳೆಯನೊಬ್ಬನಿಂದ ಅದೇ ಐದರ, 200ರ ಜೋಡಿ ಕಡ ತಂದೆ. ಕಾರಿನ ಎತ್ತರ ಮೊದಲಿನಂತೆಯೇ ಇರಬೇಕಾದರೆ ಕೆಳಗಿನ ಕಾಲರನ್ನು (ಸ್ಪ್ರಿಂಗನ್ನು ಹೊತ್ತ, ಥ್ರೆಡ್ ಮೇಲೆ ತಿರುಗಿಸಿ ಏರಿಳಿಸುವ ಬಳೆ) 29 ಮಿ.ಮೀ. ಇಳಿಸಬೇಕು: ಇದು ಕುಗ್ಗಿ ನಿಲ್ಲುವುದು 143ಕ್ಕೆ, ಹಳೆಯದು 114ಕ್ಕೆ. ಥ್ರೆಡ್ ಇತ್ತು, ಆದರೆ ಕಾಲರ್ ಟೈರಿನ ಮೈಗೆ ತಾಗುವಷ್ಟು ಹತ್ತಿರ ಬಂತು; ನಡುವೆ ಬೆರಳೂ ತೂರಲಿಲ್ಲ. ಕೊನೆಗೆ 180ರದ್ದು ತರಿಸಿದೆ. ಕಾಲರ್ ಇಳಿದದ್ದು 9 ಮಿ.ಮೀ. ಮಾತ್ರ, ಕುಗ್ಗಲು ಉಳಿದದ್ದು 44.

ಆ ಹಳೆಯ ‘ಟಣ್’ ಕೂಡ ನಿಂತಿತು. ಚಕ್ರ ಕೆಳಗೆ ಜೋತಾಗ ನನ್ನ ಡ್ಯಾಂಪರ್ 60 ಮಿ.ಮೀ. ಚಾಚಿಕೊಳ್ಳುತ್ತದೆ. 36 ಮಾತ್ರ ಕುಗ್ಗಿದ್ದ ಸ್ಪ್ರಿಂಗ್ ಅಷ್ಟು ದೂರ ಹಿಂಬಾಲಿಸಲಾರದೆ ಸಡಿಲಗೊಂಡು, ಮತ್ತೆ ತಟ್ಟೆಯ ಮೇಲೆ ಬೀಳುತ್ತಿತ್ತು. 57 ಕುಗ್ಗಿರುವ ಐದರದ್ದು ಹೆಚ್ಚುಕಡಿಮೆ ಕೊನೆಯ ತನಕ ಹಿಂಬಾಲಿಸುತ್ತದೆ. ಬೇರಿಂಗ್ ಪಾಪ ನಿರಪರಾಧಿ.

ಕುಗ್ಗಿದ ಸ್ಪ್ರಿಂಗ್ ಮೇಲೇಳುವ ವೇಗವನ್ನು ಹಿಡಿದಿಡುವ, ಡ್ಯಾಂಪರಿನ ರಿಬೌಂಡ್ ನಾಬನ್ನು ನಾಲ್ಕು ಕ್ಲಿಕ್ ಸಡಿಲಿಸಿದೆ. ಎಂಟರ ಸ್ಪ್ರಿಂಗನ್ನು ಹಿಡಿದಿಡುತ್ತಿದ್ದ ಬಿಗಿಯಲ್ಲೇ ಬಿಟ್ಟರೆ ಐದರದ್ದು ಮೇಲೇಳುವುದರೊಳಗೆ ಮುಂದಿನ ಗುಂಡಿ ಬಂದಿರುತ್ತದೆ.

ಹಿಂಭಾಗದ ಸ್ಪ್ರಿಂಗನ್ನು ಮುಟ್ಟಿಲ್ಲ. ಅಲ್ಲಿ ಸ್ಪ್ರಿಂಗ್ ಬೇರೆ, ಡ್ಯಾಂಪರ್ ಬೇರೆ. ಸ್ಪ್ರಿಂಗಿನ ಆಕಾರವೂ ನಡುವೆ ಉಬ್ಬಿದ ಪೀಪಾಯಿಯಂಥದ್ದು, 60ರ ನೇರ ಸುರುಳಿ ಅಲ್ಲಿ ಕೂರುವುದಿಲ್ಲ. ಹಿಂದಿನ ಸೀಟಿನವರ ದೂರು ಈಗ ಶುರುವಾಗಿದೆ.